ಕೀ ಇದ್ದ ಮೇಲೆ ಬುಶ್ ಯಾಕೆ?

ಜಲ್ಲಿ ಕ್ರಷರ್‌ನ ಕನ್ವೇಯರ್ ಬೆಲ್ಟನ್ನು ಎಲ್ಲರೂ ನೋಡಿರ್ತೀರಿ. ಹೈವೇಯಲ್ಲಿ ಬಸ್ಸಲ್ಲಿ ಹೋಗುವಾಗ ದೂರದಿಂದಲೇ ಕಾಣತ್ತೆ. ಏಣಿ ಥರ ಇಳಿಜಾರಾಗಿ ಎದ್ದು ನಿಂತಿರತ್ತೆ, ಕೆಳಗೆ ಜಲ್ಲಿ ರಾಶಿ. ಮುಂದಿನ ಸಲ ಅವಕಾಶ ಸಿಕ್ಕರೆ ಆ ಏಣಿಯ ತಲೆಯ ಹತ್ತಿರ ಗಮನಿಸಿ. ಬೆಲ್ಟನ್ನು ಎಳೆಯುವ ಹೆಡ್ ಪುಲ್ಲಿಯ ಶಾಫ್ಟ್ ಪಕ್ಕಕ್ಕೆ ಚಾಚಿಕೊಂಡಿರತ್ತೆ, ಆ ಶಾಫ್ಟಿಗೆ ಒಂದು ಗೇರ್‌ಬಾಕ್ಸ್ ನೇತಾಡ್ತಿರತ್ತೆ. ಅದಕ್ಕೆ ಕಾಂಕ್ರೀಟ್ ಫೌಂಡೇಶನ್ ಇಲ್ಲ, ಬೇಸ್ ಪ್ಲೇಟ್ ಇಲ್ಲ, ಕಪ್ಲಿಂಗ್ ಕೂಡ ಇಲ್ಲ. ಯಾವ ಶಾಫ್ಟನ್ನು ತಿರುಗಿಸಬೇಕೋ ಆ ಶಾಫ್ಟೇ ಅದನ್ನು ಹೊತ್ತುಕೊಂಡಿರತ್ತೆ.

ಇದರ ಪೂರ್ತಿ ಹೆಸರು ಶಾಫ್ಟ್ ಮೌಂಟೆಡ್ ಸ್ಪೀಡ್ ರಿಡ್ಯೂಸರ್. ಕ್ರಷರ್, ಸಿಮೆಂಟ್ ಫ್ಯಾಕ್ಟರಿ ಕಡೆಯವರು ಚಿಕ್ಕದಾಗಿ ಎಸ್‌ಎಂಎಸ್‌ಆರ್ ಅಂತಾರೆ. ನಮ್ಮ ದೇಶದಲ್ಲಿ ಫೆನ್ನರ್, ಅಮೆರಿಕದಲ್ಲಿ ಡಾಡ್ಜ್ ಇದರ ಪರಿಚಿತ ಹೆಸರುಗಳು (ಕಾರು ಮಾಡುವ ಡಾಡ್ಜ್ ಬೇರೆ, ಇದು ಬೇರೆ). ಮಾಮೂಲಿ ಗೇರ್‌ಬಾಕ್ಸಿನಲ್ಲಿ ಔಟ್‌ಪುಟ್ ಕಡೆ ಒಂದು ಶಾಫ್ಟ್ ಹೊರಗೆ ಬಂದಿರತ್ತೆ. ಇದರಲ್ಲಿ ಶಾಫ್ಟಿನ ಬದಲು ಒಂದು ಪೊಳ್ಳು ಹಬ್ ಇರತ್ತೆ, ಬಳೆಯನ್ನು ಕೈಗೆ ಹಾಕಿದ ಹಾಗೆ ಅದನ್ನು ಪುಲ್ಲಿಯ ಶಾಫ್ಟಿಗೆ ತೊಡಿಸೋದು. ಮೋಟಾರಿನಿಂದ ವಿ-ಬೆಲ್ಟ್ ಬಂದು ಇನ್‌ಪುಟ್ ಪುಲ್ಲಿಯನ್ನು ತಿರುಗಿಸತ್ತೆ. ಗೇರ್‌ಬಾಕ್ಸೇ ಶಾಫ್ಟಿನ ಜೊತೆ ಗಿರಗಿರ ತಿರುಗಬಾರದಲ್ಲ, ಅದಕ್ಕೆ ಟಾರ್ಕ್ ಆರ್ಮ್ ಅನ್ನೋ ಒಂದು ರಾಡ್ ಅದನ್ನು ಕನ್ವೇಯರ್ ಫ್ರೇಮಿಗೆ ಕಟ್ಟಿ ಹಿಡಿದಿರತ್ತೆ.

ಈ ವ್ಯವಸ್ಥೆಯ ದೊಡ್ಡ ಲಾಭ ಅಲೈನ್‌ಮೆಂಟ್. ಕನ್ವೇಯರ್ ಫ್ರೇಮ್ ಅಂದ್ರೆ ಚಾನೆಲ್, ಆಂಗಲ್ ಸೇರಿಸಿ ವೆಲ್ಡ್ ಮಾಡಿದ್ದು. ಲೋಡ್ ಬಿದ್ದಾಗ ಬಾಗತ್ತೆ, ಅಲುಗತ್ತೆ. ಅದರ ಮೇಲೆ ಎರಡು ಶಾಫ್ಟುಗಳನ್ನು ಕೂದಲೆಳೆಯಷ್ಟು ನಿಖರವಾಗಿ ಒಂದೇ ಸಾಲಿನಲ್ಲಿ ಇಡೋದು ಕಷ್ಟದ ಕೆಲಸ. ಗೇರ್‌ಬಾಕ್ಸೇ ಶಾಫ್ಟಿನ ಮೇಲೆ ಕೂತುಬಿಟ್ಟರೆ ಶಾಫ್ಟ್ ಎಲ್ಲಿಗೆ ಹೋದರೂ ಅದೂ ಜೊತೆಗೇ ಹೋಗತ್ತೆ, ಕಥೆ ಮುಗೀತು.

ನಿಜವಾದ ಕಥೆ ಶುರುವಾಗೋದು ಆ ಹಬ್ ಮತ್ತು ಶಾಫ್ಟಿನ ನಡುವೆ. ಪುಸ್ತಕ ಓದಿದ ನಮಗೆಲ್ಲ ತಕ್ಷಣ ಹೊಳೆಯೋ ಉತ್ತರ ಕೀ. ಶಾಫ್ಟಲ್ಲಿ ಒಂದು ಕೀವೇ, ಹಬ್ಬಲ್ಲಿ ಒಂದು ಕೀವೇ, ನಡುವೆ ಚೌಕಾಕಾರದ ಒಂದು ಉಕ್ಕಿನ ತುಂಡು. ಆದರೆ ಇಂಥ ಗೇರ್‌ಬಾಕ್ಸಿನ ಜೊತೆ ಪೆಟ್ಟಿಗೆಯಲ್ಲಿ ಎರಡು ಟೇಪರ್ ಬುಶ್ ಕೂಡ ಬರತ್ತೆ. ಹೊರಮೈ ಇಳಿಜಾರು, ಒಳಗೆ ನೇರ ಬೋರು, ಬೋರಿನಲ್ಲಿ ಕೀವೇ, ಒಂದು ಕಡೆ ಉದ್ದಕ್ಕೆ ಸೀಳು, ತುದಿಯಲ್ಲಿ ಫ್ಲೇಂಜ್, ಫ್ಲೇಂಜಿನಲ್ಲಿ ಬೋಲ್ಟ್ ತೂತುಗಳು. ಕೀ ಇದ್ದ ಮೇಲೆ ಇಷ್ಟೆಲ್ಲ ಯಾಕೆ ಬೇಕು? ಲೆಕ್ಕ ಹಾಕಿ ನೋಡೋಣ.

7.5 ಕಿಲೋವ್ಯಾಟ್ ಮೋಟಾರು, 1440 ಆರ್‌ಪಿಎಂ ಅಂತ ಇಟ್ಕೊಳ್ಳಿ. ವಿ-ಬೆಲ್ಟಲ್ಲಿ ವೇಗ ಅರ್ಧ ಆಗಿ 720, ಗೇರ್‌ಬಾಕ್ಸಿನಲ್ಲಿ 20ರಲ್ಲಿ ಒಂದು ಭಾಗವಾಗಿ 36 ಆರ್‌ಪಿಎಂ. ನಷ್ಟಗಳನ್ನು ಬಿಟ್ಟರೆ ಔಟ್‌ಪುಟ್ ಟಾರ್ಕ್ 9550 ಗುಣಿಸು 7.5 ಭಾಗಿಸು 36, ಅಂದ್ರೆ ಸುಮಾರು 1,990 ನ್ಯೂಟನ್ ಮೀಟರ್. ಶಾಫ್ಟ್ 70 ಮಿ.ಮೀ. ಆದರೆ ಅದರ ಮೇಲ್ಮೈಯಲ್ಲಿ, ಅಂದ್ರೆ 35 ಮಿ.ಮೀ. ತ್ರಿಜ್ಯದಲ್ಲಿ, ಕೀ ತಡೆಯಬೇಕಾದ ಬಲ ಸುಮಾರು 57,000 ನ್ಯೂಟನ್. ಹತ್ತಿರ ಹತ್ತಿರ ಆರು ಟನ್!

ಕೇಳಿದರೆ ಭಯ ಆಗತ್ತೆ, ಆದರೆ ಕೀ ಹೆದರಲ್ಲ. 70 ಮಿ.ಮೀ. ಶಾಫ್ಟಿಗೆ ಸ್ಟ್ಯಾಂಡರ್ಡ್ ಕೀ 20 ಅಗಲ, 12 ಎತ್ತರ. ಅದರ 110 ಮಿ.ಮೀ. ಉದ್ದ ಕೆಲಸ ಮಾಡ್ತಿದೆ ಅಂದ್ರೆ ಶಿಯರ್ ಸ್ಟ್ರೆಸ್ ಸುಮಾರು 26 ಮೆಗಾಪಾಸ್ಕಲ್, ಅರ್ಧ ಎತ್ತರದ ಮೇಲೆ ಬೀಳುವ ಕ್ರಶಿಂಗ್ ಸ್ಟ್ರೆಸ್ ಸುಮಾರು 86. ಇಎನ್8 ಥರದ ಮಾಮೂಲಿ ಕೀ ಸ್ಟೀಲಿಗೆ ಇದು ಆರಾಮಾಗಿ ತಡೆಯೋ ಲೋಡ್. ಪರೀಕ್ಷೆಯಲ್ಲಾದರೆ ಇಲ್ಲಿಗೆ 'ಡಿಸೈನ್ ಈಸ್ ಸೇಫ್' ಅಂತ ಬರೆದು ಕೆಳಗೆ ಎರಡು ಗೆರೆ ಎಳೆದುಬಿಡ್ತೀವಿ.

ಆದರೆ ಈ ಲೆಕ್ಕದಲ್ಲಿ ಒಂದು ವಿಷಯ ಬರಲೇ ಇಲ್ಲ. ಅದು ಸಂದು.

ನೇರ ಬೋರಿನ ಹಬ್ಬನ್ನು ಶಾಫ್ಟಿಗೆ ಜಾರಿಸಿ ತೊಡಿಸಬೇಕು ಅಂದ್ರೆ ಬೋರು ಶಾಫ್ಟಿಗಿಂತ ಸ್ವಲ್ಪವಾದರೂ ದೊಡ್ಡದಿರಬೇಕು. ಎಚ್7/ಎಚ್6 ಫಿಟ್ ತಗೊಂಡರೆ 70 ಮಿ.ಮೀ.ಗೆ ಬೋರು ಗರಿಷ್ಠ 0.030 ದೊಡ್ಡದು, ಶಾಫ್ಟ್ ಗರಿಷ್ಠ 0.019 ಚಿಕ್ಕದು. ಒಟ್ಟು ಸಂದು ಹೆಚ್ಚೆಂದರೆ 0.049 ಮಿ.ಮೀ. ತಲೆಕೂದಲಿಗಿಂತ ತೆಳು. ಇದರಲ್ಲಿ ಏನಾಗಿಬಿಡತ್ತೆ ಅನ್ನಿಸಬಹುದು. ಗೇರ್‌ಬಾಕ್ಸಿನ ತೂಕ ಯಾವಾಗಲೂ ಕೆಳಕ್ಕೆ, ವಿ-ಬೆಲ್ಟಿನ ಎಳೆತ ಯಾವಾಗಲೂ ಒಂದೇ ದಿಕ್ಕಿಗೆ. ತಿರುಗೋದು ಮಾತ್ರ ಶಾಫ್ಟ್ ಮತ್ತು ಹಬ್. ಹಾಗಾಗಿ ಶಾಫ್ಟಿನ ಮೈಮೇಲೆ ಒತ್ತಡ ಬೀಳುವ ಜಾಗ ಪ್ರತಿ ಸುತ್ತಿಗೆ ಒಂದು ಸಲ ಪೂರ್ತಿ ಸುತ್ತಿ ಬರತ್ತೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಹುಲಾ ಹೂಪಿನ ಥರ ಹಬ್ ಶಾಫ್ಟಿನ ಮೇಲೆ ಸಣ್ಣಗೆ ಉರುಳ್ತಾ, ಸಣ್ಣಗೆ ಜಾರ್ತಾ ಇರತ್ತೆ. 36 ಆರ್‌ಪಿಎಂ ಅಂದ್ರೆ ಎಂಟು ಗಂಟೆಯ ಒಂದು ಶಿಫ್ಟಿನಲ್ಲಿ 17,280 ಸಲ. ಕೀ ಇದನ್ನು ತಡೆಯಲ್ಲ. ಕೀ ತಡೆಯೋದು ಸುತ್ತುವ ದಿಕ್ಕಿನ ಜಾರುವಿಕೆ ಮಾತ್ರ, ಹಬ್ ಅತ್ತಿತ್ತ ಓಲಾಡುವುದು ಅದರ ಲೆಕ್ಕಕ್ಕೇ ಬರಲ್ಲ.

ಹೀಗೆ ಉಕ್ಕಿಗೆ ಉಕ್ಕು ಒತ್ತಿಕೊಂಡು ಸಣ್ಣಗೆ ಉಜ್ಜುತ್ತಿದ್ದರೆ ಆಗುವ ಸವೆತಕ್ಕೆ ಫ್ರೆಟಿಂಗ್ ಅಂತಾರೆ. ಮೇಲ್ಮೈಯಿಂದ ಕಿತ್ತು ಬಂದ ಕಣಗಳು ಗಾಳಿಗೆ ಆಕ್ಸೈಡ್ ಆಗಿ ನುಣ್ಣನೆ ಕೆಂಪು ಪುಡಿ ಆಗತ್ತೆ, ನೋಡೋಕೆ ಇಟ್ಟಿಗೆ ಪುಡಿ ಥರ. ನನಗೆ ಇದರಲ್ಲಿ ತುಂಬಾ ಆಶ್ಚರ್ಯ ಅನ್ನಿಸಿದ್ದು ಮುಂದಿನ ಸಂಗತಿ. ಕಬ್ಬಿಣ ಆಕ್ಸೈಡ್ ಆದಾಗ ಮೊದಲಿನದಕ್ಕಿಂತ ಸುಮಾರು ಎರಡು ಪಟ್ಟು ಜಾಗ ತಗೊಳ್ಳತ್ತೆ. ಆ ಪುಡಿ ಹೊರಗೆ ಹೋಗೋಕೆ ದಾರಿ ಇಲ್ಲದೆ ಸಂದಿನಲ್ಲೇ ತುಂಬಿ ಗಟ್ಟಿ ಆಗತ್ತೆ. ಅಂದ್ರೆ ಸಡಿಲವಾಗಿ ಕೂತ ಹಬ್ಬೇ ಕೊನೆಗೆ ಶಾಫ್ಟಿಗೆ ಕಚ್ಚಿಕೊಂಡುಬಿಡತ್ತೆ, ಬಿಚ್ಚೋಕೆ ಬರದಷ್ಟು. ಹಾಕುವಾಗ ಸಲೀಸಾಗಿ ಜಾರಿದ್ದು ಎರಡು ವರ್ಷ ಬಿಟ್ಟು ಪುಲ್ಲರ್ ಹಾಕಿ ಎಳೆದರೂ ಅಲ್ಲಾಡಲ್ಲ.

ನಮ್ಮ ಊರಿನ ಹತ್ತಿರದ ಒಂದು ಕ್ರಷರ್‌ನಲ್ಲಿ ಇಂಥದ್ದೇ ಒಂದು ಗೇರ್‌ಬಾಕ್ಸನ್ನು ಗ್ಯಾಸ್ ಕಟರ್‌ನಲ್ಲಿ ಹಬ್ ಕುಯ್ದು ತೆಗೆದಿದ್ದನ್ನು ನೋಡಿದ್ದೆ. ಶಾಫ್ಟಿಗೂ ಗಾಯ, ಗೇರ್‌ಬಾಕ್ಸಂತೂ ಗುಜರಿ. ಅಲ್ಲಿನ ಫಿಟ್ಟರ್ ಅಣ್ಣನನ್ನು "ಕೀ ಚೆನ್ನಾಗೇ ಇದೆಯಲ್ಲಣ್ಣ, ಮತ್ತೆ ಯಾಕೆ ಹಿಂಗಾಯ್ತು?" ಅಂತ ಕೇಳಿದೆ. "ಕೀ ತಿರುಗ್ಸತ್ತೆ ತಮ್ಮಾ, ಹಿಡ್ಕೊಳಲ್ಲ. ಹಿಡ್ಕೊಳೋದು ಬುಶ್ಶು" ಅಂದರು. ನಾಲ್ಕು ಪದದಲ್ಲಿ ಹೇಳಿದ್ದನ್ನು ನಾನು ಎರಡು ಸಾವಿರ ಪದದಲ್ಲಿ ಬರೀತಿದೀನಿ, ಇರಲಿ.

ಬುಶ್ ಹಿಡ್ಕೊಳೋದು ಹೇಗೆ? ಕೊಡಲಿ ಕಾವು ಸಡಿಲವಾದರೆ ಹಳ್ಳಿಯಲ್ಲಿ ಏನ್ ಮಾಡ್ತಾರೆ? ಕಾವಿನ ತುದಿಗೆ ಒಂದು ಬೆಣೆ ಹೊಡೀತಾರೆ. ಬೆಣೆ ಒಳಗೆ ಹೋದಷ್ಟೂ ಮರ ಅಗಲವಾಗಿ ಕೊಡಲಿಯ ಕಣ್ಣನ್ನು ಒಳಗಿನಿಂದ ಒತ್ತತ್ತೆ. ಟೇಪರ್ ಬುಶ್ ಕೂಡ ಬೆಣೆಯೇ, ದುಂಡಗಿನ ಬೆಣೆ. ಹಬ್ಬಿನ ಎರಡೂ ತುದಿಯ ಒಳಮೈಗೆ ಅದೇ ಇಳಿಜಾರು ಕೊಟ್ಟಿರತ್ತೆ. ಫ್ಲೇಂಜಿನ ಬೋಲ್ಟು ಬಿಗಿ ಮಾಡಿದಾಗ ಬುಶ್ ಆ ಇಳಿಜಾರಿನೊಳಗೆ ಎಳೆದುಕೊಂಡು ಹೋಗತ್ತೆ, ಸೀಳು ಇರೋದ್ರಿಂದ ಕುಗ್ಗಿ ಶಾಫ್ಟನ್ನು ಅಪ್ಪತ್ತೆ. ಸಂದು ಸೊನ್ನೆ. ಓಲಾಡಲು ಜಾಗವೇ ಇಲ್ಲದ ಮೇಲೆ ಫ್ರೆಟಿಂಗ್ ಎಲ್ಲಿಂದ ಬರಬೇಕು? ಜೊತೆಗೆ ಶಾಫ್ಟು, ಹಬ್ಬು ಎರಡರ ಕೇಂದ್ರವೂ ಒಂದೇ ಆಗತ್ತೆ. ಇನ್ನೊಂದು ಅನುಕೂಲ, ಬೇರೆ ಬೋರಿನ ಬುಶ್ ತಂದರೆ ಅದೇ ಗೇರ್‌ಬಾಕ್ಸ್ ಬೇರೆ ಅಳತೆಯ ಶಾಫ್ಟಿಗೂ ಕೂರತ್ತೆ.

ಬೋಲ್ಟಿನ ಬಲ ಎಷ್ಟು ಪಟ್ಟು ಆಗತ್ತೆ ಅಂತ ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಸಾಕು, ಲೆಕ್ಕ ಹಾಕಬಹುದು. ವೆಡ್ಜ್ ಪ್ರಾಬ್ಲಮ್ ನೆನಪಿದೆ ಅಲ್ವಾ? ಇಳಿಜಾರು ಅಕ್ಷಕ್ಕೆ 4 ಡಿಗ್ರಿ ಅಂತಲೂ ಒಣ ಉಕ್ಕಿನ ಘರ್ಷಣೆ 0.15 ಅಂತಲೂ ಹಿಡಿಯೋಣ. 0.15ರ ಆಂಗಲ್ ಆಫ್ ಫ್ರಿಕ್ಷನ್ ಸುಮಾರು 8.5 ಡಿಗ್ರಿ. ಇಳಿಜಾರಿನ ಮೇಲಿನ ಜಾರಾಟಕ್ಕೆ ಟ್ಯಾನ್ 12.5, ಅಂದ್ರೆ 0.22. ಬುಶ್ ಶಾಫ್ಟಿನ ಮೇಲೂ ಜಾರಬೇಕಲ್ಲ, ಅದಕ್ಕೆ 0.15. ಒಟ್ಟು 0.37. ಹಾಗಾಗಿ ಶಾಫ್ಟನ್ನು ಒತ್ತುವ ಬಲ ಬೋಲ್ಟುಗಳ ಒಟ್ಟು ಬಲದ ಸುಮಾರು 2.7 ಪಟ್ಟು. ಒಂದು ಬುಶ್ಶಿಗೆ ಮೂರು ಬೋಲ್ಟ್, ಪ್ರತಿಯೊಂದೂ 20 ಕಿಲೋನ್ಯೂಟನ್ ಎಳೆದರೆ ಒಟ್ಟು 60. ಒತ್ತುವ ಬಲ ಸುಮಾರು 161 ಕಿಲೋನ್ಯೂಟನ್. ಅದರಿಂದ ಬರುವ ಘರ್ಷಣೆ ತಡೆಯಬಲ್ಲ ಟಾರ್ಕ್ ಸುಮಾರು 845, ಎರಡು ಬುಶ್ ಸೇರಿ 1,690 ನ್ಯೂಟನ್ ಮೀಟರ್.

ನಮಗೆ ಬೇಕಿದ್ದದ್ದು 1,990. ಅದೂ ಮೋಟಾರು ಒಂದೇ ಸಮ ಓಡುವಾಗ. ಜಲ್ಲಿ ತುಂಬಿ ನಿಂತ ಬೆಲ್ಟನ್ನು ಸ್ಟಾರ್ಟ್ ಮಾಡುವಾಗ ಇದರ ಎರಡು ಪಟ್ಟು ಬಂದರೂ ಆಶ್ಚರ್ಯ ಇಲ್ಲ. ಅಲ್ಲಿಗೆ ನಮ್ಮ ಉದಾಹರಣೆಯಲ್ಲಿ ಕೀ ಒಂದನ್ನೇ ನಂಬಿದರೆ ಫ್ರೆಟಿಂಗ್, ಬುಶ್ ಒಂದನ್ನೇ ನಂಬಿದರೆ ಸ್ಟಾರ್ಟ್ ಆಗುವ ಹೊತ್ತಿಗೆ ಜಾರುವ ಭಯ. ಕೀಯುಳ್ಳ ಬುಶ್ ಅಂದ್ರೆ ಇಬ್ಬರಿಗೂ ಕೆಲಸ ಹಂಚಿದ ಹಾಗೆ. ದಿನನಿತ್ಯದ ಅಲುಗಾಟವನ್ನು ಬುಶ್ ನಿಲ್ಲಿಸತ್ತೆ, ಜೋರು ಬಂದಾಗ ಕೀ ತಡೆಯತ್ತೆ.

ಇದೇ ಲೆಕ್ಕದಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗತ್ತೆ. ಬುಶ್ಶಿಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಸುಲಭವಾಗಿ ಕೂರಲ್ವಾ, ಮುಂದೆ ಬಿಚ್ಚೋಕೂ ಸುಲಭ ಅಲ್ವಾ? ಗ್ರೀಸ್ ಹಚ್ಚಿ ಘರ್ಷಣೆ 0.08ಕ್ಕೆ ಇಳೀತು ಅನ್ನಿ. ಆಗ 2.7 ಪಟ್ಟು ಹೋಗಿ 4.3 ಪಟ್ಟು ಆಗತ್ತೆ. ಅದೇ ಬೋಲ್ಟ್ ಬಲಕ್ಕೆ ಹಬ್ಬನ್ನು ಒಳಗಿನಿಂದ ಸೀಳುವ ಒತ್ತಡ 1.6 ಪಟ್ಟು ಜಾಸ್ತಿ. ಹಬ್ಬೋ ಬುಶ್ಶೋ ಬಿರುಕು ಬಿಡಬಹುದು. ಅದಕ್ಕೇ ಟೇಪರ್ ಮೈಗಳು, ಶಾಫ್ಟ್, ಬೋರು ಎಲ್ಲ ಒಣಗಿದ್ದು ಸ್ವಚ್ಛವಾಗಿರಬೇಕು. ಸೀಮೆಎಣ್ಣೆಯಲ್ಲಿ ತೊಳೆದರೆ ತೆಳ್ಳನೆ ಜಿಡ್ಡು ಉಳಿಯತ್ತೆ, ಕೊನೆಗೆ ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಒರೆಸೋದು ಒಳ್ಳೇದು. ಯಾವುದಾದರೂ ಕಂಪನಿಯ ಮ್ಯಾನ್ಯುಯಲ್ ಬೇರೆ ಏನಾದರೂ ಹೇಳಿದ್ದರೆ ಅದೇ ಅಂತಿಮ.

ಈಗ ಕೂರಿಸುವ ಕೆಲಸ. ಎಲ್ಲಕ್ಕಿಂತ ಮೊದಲು ಮೋಟಾರಿನ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೀ ಕೆಲಸ ಮಾಡುವವರ ಜೇಬಿನಲ್ಲಿರಬೇಕು. ಹಳೇ ಗೇರ್‌ಬಾಕ್ಸ್ ತೆಗೆಯೋದಾದರೆ ಇನ್ನೂ ಒಂದು ಅಪಾಯ ಇದೆ. ಇಳಿಜಾರು ಬೆಲ್ಟು ಹಿಂದಕ್ಕೆ ಓಡದಂತೆ ತಡೆಯುವ ಹೋಲ್ಡ್‌ಬ್ಯಾಕ್ ಎಷ್ಟೋ ಸಲ ಗೇರ್‌ಬಾಕ್ಸಿನೊಳಗೇ ಇರತ್ತೆ. ಗೇರ್‌ಬಾಕ್ಸ್ ಕಳಚಿದ ಕ್ಷಣ, ಅಥವಾ ಟಾರ್ಕ್ ಆರ್ಮಿನ ಪಿನ್ ತೆಗೆದ ಕ್ಷಣ, ಮೇಲಿರುವ ಜಲ್ಲಿಯ ಭಾರಕ್ಕೆ ಬೆಲ್ಟು ಕೆಳಕ್ಕೆ ಓಡಬಹುದು. ಕರೆಂಟ್ ಇಲ್ಲದೆಯೇ ಕೈ ಹೋಗುವ ಜಾಗ ಇದು. ಬೆಲ್ಟ್ ಖಾಲಿ ಮಾಡಿ, ಬೆಲ್ಟನ್ನು ಫ್ರೇಮಿಗೆ ಕಟ್ಟಿ ಆಮೇಲೆ ಸ್ಪ್ಯಾನರ್ ಹಿಡೀಬೇಕು.

ಶಾಫ್ಟಿನ ತುದಿ ಮತ್ತು ಕೀವೇ ಅಂಚಿನ ಚೂರುಗಳನ್ನು ಅರದಿಂದ ಉಜ್ಜಿ ತೆಗೆದು, ಮೈಕ್ರೋಮೀಟರಲ್ಲಿ ಎರಡು ಮೂರು ಕಡೆ ವ್ಯಾಸ ಅಳೀಬೇಕು. ಶಾಫ್ಟನ್ನು ಕೀವೇ ಮೇಲಕ್ಕೆ ಬರುವಂತೆ ತಿರುಗಿಸಿಟ್ಟರೆ ಕೀ ಬೀಳಲ್ಲ. ಕೀ ಪಕ್ಕಗಳಲ್ಲಿ ಬಿಗಿಯಾಗಿ ಕೂರಬೇಕು, ನೆತ್ತಿಯ ಮೇಲೆ ಮಾತ್ರ ಸ್ವಲ್ಪ ಸಂದು ಇರಲೇಬೇಕು. ನೆತ್ತಿ ತಾಗಿದರೆ ಕೀಯೇ ಇನ್ನೊಂದು ಬೆಣೆಯಾಗಿ ಬುಶ್ಶನ್ನು ಒಂದು ಪಕ್ಕಕ್ಕೆ ತಳ್ಳತ್ತೆ. ಅಷ್ಟು ಕಷ್ಟಪಟ್ಟು ಪಡೆದ ಕೇಂದ್ರ ಹೋಯ್ತು.

ಒಳಗಿನ ಬುಶ್ ಮೊದಲು, ಫ್ಲೇಂಜ್ ಬೇರಿಂಗಿನ ಕಡೆಗೆ. ಗೇರ್‌ಬಾಕ್ಸ್ ಬೇರಿಂಗಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೇದು, ಶಾಫ್ಟ್ ಬಾಗೋದು ಕಮ್ಮಿ. ಆದರೆ ಪ್ಲಮ್ಮರ್ ಬ್ಲಾಕಿಗೂ ಫ್ಲೇಂಜಿಗೂ ನಡುವೆ ಸ್ಪ್ಯಾನರ್ ಆಡುವಷ್ಟು, ಮುಂದೊಂದು ದಿನ ಬಿಚ್ಚುವ ಬೋಲ್ಟ್ ಹಾಕುವಷ್ಟು ಜಾಗ ಬಿಡಬೇಕು. ಎಷ್ಟು ಅಂತ ಮ್ಯಾನ್ಯುಯಲಿನ ಟೇಬಲ್ಲಿನಲ್ಲಿ ಇರತ್ತೆ. ಆಮೇಲೆ ಚೈನ್ ಬ್ಲಾಕಿನಲ್ಲಿ ಗೇರ್‌ಬಾಕ್ಸ್ ಎತ್ತಿ, ಶಾಫ್ಟಿನ ಮಟ್ಟಕ್ಕೆ ತಂದು ಜಾರಿಸೋದು. ಸುತ್ತಿಗೆ ಬೇಡ. ಹೊಡೆದ ಪೆಟ್ಟು ಒಳಗಿನ ಬೇರಿಂಗಿನ ಬಾಲ್‌ಗಳಿಗೆ ಹೋಗಿ ಕೂರತ್ತೆ. ಹೊರಗಿನ ಬುಶ್ ಹಾಕಿ, ಎಲ್ಲ ಬೋಲ್ಟೂ ಕೈಯಲ್ಲಿ ತಿರುಗಿಸಿ ತಾಗಿಸಿಡಿ.

ಬಿಗಿ ಮಾಡೋದೇ ಈ ಕೆಲಸದ ಜೀವ. ಒಳಗಿನ ಬುಶ್ ಮೊದಲು, ಆಮೇಲೆ ಹೊರಗಿನದು. ಒಂದು ಬೋಲ್ಟನ್ನು ಪೂರ್ತಿ ಬಿಗಿ ಮಾಡಿ ಮುಂದಿನದಕ್ಕೆ ಹೋದರೆ ಬುಶ್ ಓರೆಯಾಗಿ ಕಚ್ಚಿಕೊಳ್ಳತ್ತೆ. ಟಾರ್ಕ್ ರೆಂಚ್ ಆಗ ಸರಿಯಾದ ಸಂಖ್ಯೆಯನ್ನೇ ತೋರಿಸತ್ತೆ, ಹಿಡಿತ ಮಾತ್ರ ಅರ್ಧಕ್ಕೇ ಇರತ್ತೆ. ಒಂದಕ್ಕೆ ಸ್ವಲ್ಪ, ಎದುರಿನದಕ್ಕೆ ಸ್ವಲ್ಪ, ಹೀಗೆ ಸುತ್ತು ಸುತ್ತಾಗಿ ಹೋಗಬೇಕು. ಪ್ರತಿ ಸುತ್ತಿಗೂ ಫ್ಲೇಂಜಿನ ಸುತ್ತ ಫೀಲರ್ ಗೇಜ್ ಆಡಿಸಿ ಸಂದು ಎಲ್ಲ ಕಡೆ ಒಂದೇ ಇದೆಯಾ ನೋಡಬೇಕು. ಮ್ಯಾನ್ಯುಯಲ್ ಹೇಳಿದ ಟಾರ್ಕ್ ಬಂದಾಗಲೂ ಫ್ಲೇಂಜಿನ ಹಿಂದೆ ಸಂದು ಉಳಿದಿರಬೇಕು, ಅದನ್ನು ಮುಚ್ಚಲೇಬೇಕು ಅಂತ ಪೈಪ್ ಹಾಕಿ ಎಳೆಯೋದು ತಪ್ಪು. ಫ್ಲೇಂಜ್ ಪೂರ್ತಿ ಹೋಗಿ ತಾಗಿಬಿಟ್ಟಿದೆ ಅಂದ್ರೆ ಬೋಲ್ಟಿನ ಬಲವೆಲ್ಲ ಅಲ್ಲೇ ಖರ್ಚಾಗ್ತಿದೆ, ಶಾಫ್ಟಿಗೆ ಹೋಗ್ತಿಲ್ಲ. ಶಾಫ್ಟ್ ಸವೆದು ಸಣ್ಣಗಾಗಿದೆ ಅಥವಾ ಬುಶ್ ತಪ್ಪು ಅಳತೆಯದು.

ಟಾರ್ಕ್ ಆರ್ಮ್ ಹಾಕದೆ ಮೋಟಾರು ಆನ್ ಮಾಡುವಂತಿಲ್ಲ. ಗೇರ್‌ಬಾಕ್ಸ್ ಶಾಫ್ಟಿನ ಸುತ್ತ ಬೀಸಿ ಹೊಡೆಯತ್ತೆ. ನಮ್ಮ ಉದಾಹರಣೆಯಲ್ಲಿ ಎರಡು ಹಂತದ ಗೇರ್ ಅಂದುಕೊಂಡರೆ ಇನ್‌ಪುಟ್, ಔಟ್‌ಪುಟ್ ಒಂದೇ ದಿಕ್ಕಿಗೆ ತಿರುಗತ್ತೆ, ಕವಚ ತಡೆಯಬೇಕಾದ್ದು ಎರಡರ ವ್ಯತ್ಯಾಸ, ಸುಮಾರು 1,890 ನ್ಯೂಟನ್ ಮೀಟರ್. ಆರ್ಮ್ ಶಾಫ್ಟಿನ ಕೇಂದ್ರದಿಂದ 0.4 ಮೀಟರ್ ದೂರದಲ್ಲಿದ್ದರೆ ಅದರ ಮೇಲೆ ಬೀಳುವ ಬಲ ಸುಮಾರು 4,700 ನ್ಯೂಟನ್, ಹತ್ತಿರ ಅರ್ಧ ಟನ್. ಲಂಬವಾಗಿ ಎಳೆದರೆ ಬಲ ಕನಿಷ್ಠ, ಓರೆಯಾದಷ್ಟೂ ಜಾಸ್ತಿ. ಆದಷ್ಟು ಆರ್ಮ್ ಎಳೆತದಲ್ಲೇ ಇರುವಂತೆ ನೋಡಿಕೊಳ್ಳಬೇಕು, ತಳ್ಳಾಟದಲ್ಲಿ ಉದ್ದ ರಾಡು ಬಾಗೋ ಸಾಧ್ಯತೆ ಇರತ್ತೆ. ಅದರಲ್ಲಿರುವ ಟರ್ನ್‌ಬಕಲ್ ತಿರುಗಿಸಿದರೆ ಗೇರ್‌ಬಾಕ್ಸ್ ಸ್ವಲ್ಪ ಹೊರಳಿ ವಿ-ಬೆಲ್ಟಿನ ಬಿಗಿಯೂ ಸರಿ ಆಗತ್ತೆ, ಒಂದೇ ರಾಡಿಗೆ ಎರಡು ಕೆಲಸ. ಕೆಲವರು 'ಗಟ್ಟಿಯಾಗಿರಲಿ' ಅಂತ ಗೇರ್‌ಬಾಕ್ಸನ್ನು ಫ್ರೇಮಿಗೆ ವೆಲ್ಡ್ ಹೊಡೆಸ್ತಾರೆ. ಯಾವ ಶಾಫ್ಟೂ ನೂರಕ್ಕೆ ನೂರು ನೇರ ತಿರುಗಲ್ಲ, ಗೇರ್‌ಬಾಕ್ಸ್ ಅದರ ಜೊತೆ ಸ್ವಲ್ಪ ತೂಗಾಡಲೇಬೇಕು. ಆ ತೂಗಾಟ ಕಟ್ಟಿಹಾಕಿದರೆ ಸೇಡು ತೀರಿಸಿಕೊಳ್ಳೋದು ಬೇರಿಂಗಿನ ಮೇಲೆ.

ಎಣ್ಣೆ ತುಂಬಿಸೋದು ಮರೀಬಾರದು, ಸಾಮಾನ್ಯವಾಗಿ ಇವು ಖಾಲಿಯಾಗೇ ಬರ್ತವೆ. ಮೊದಲ ದಿನ ಓಡಿಸಿ ನಿಲ್ಲಿಸಿದ ಮೇಲೆ, ಮತ್ತೆ ಬೀಗ ಹಾಕಿ, ಬುಶ್ ಬೋಲ್ಟುಗಳಿಗೆ ಇನ್ನೊಂದು ಸಲ ಟಾರ್ಕ್ ರೆಂಚ್ ಇಡಬೇಕು. ಮೇಲ್ಮೈಗಳ ಸಣ್ಣ ಉಬ್ಬುಗಳು ಒತ್ತಡಕ್ಕೆ ಕೂತು ಬಿಗಿ ಸ್ವಲ್ಪ ಇಳಿದಿರತ್ತೆ.

ಬಿಚ್ಚುವ ದಿನ ಬೋಲ್ಟುಗಳನ್ನೆಲ್ಲ ತೆಗೆದರೂ ಬುಶ್ ಹೊರಗೆ ಬರಲ್ಲ. ಇದು ತುಕ್ಕಿನ ತೊಂದರೆ ಅಲ್ಲ, ಡಿಸೈನೇ ಹಾಗೆ. 4 ಡಿಗ್ರಿ ಇಳಿಜಾರು 8.5 ಡಿಗ್ರಿ ಘರ್ಷಣೆ ಕೋನಕ್ಕಿಂತ ಕಮ್ಮಿ, ಅಂದ್ರೆ ಸೆಲ್ಫ್ ಲಾಕಿಂಗ್. ಅದಕ್ಕೇ ಫ್ಲೇಂಜಿನಲ್ಲಿ ಮರೆ ಇರುವ, ಇಷ್ಟು ದಿನ ಖಾಲಿ ಇದ್ದ ಬೇರೆ ತೂತುಗಳಿವೆ. ತೆಗೆದ ಬೋಲ್ಟುಗಳನ್ನು ಅವಕ್ಕೆ ಹಾಕಿ ಅದೇ ರೀತಿ ಸುತ್ತು ಸುತ್ತಾಗಿ ಬಿಗಿ ಮಾಡಿದರೆ ಅವು ಹಬ್ಬನ್ನು ಒದ್ದು ಬುಶ್ಶನ್ನು ಹೊರಗೆ ತಳ್ಳತ್ತೆ. 'ಟಕ್' ಅಂತ ಒಂದು ಸದ್ದು ಬರತ್ತೆ, ಬುಶ್ ಸಡಿಲ. ಕ್ರಷರ್ ಧೂಳು ಎಂಥದ್ದು ಅಂತ ಗೊತ್ತಲ್ಲ, ಖಾಲಿ ತೂತುಗಳಿಗೆ ಕೂರಿಸುವ ದಿನವೇ ಗ್ರೀಸ್ ತುಂಬಿ ಮುಚ್ಚಿಟ್ಟರೆ ಮರೆ ಉಳಿಯತ್ತೆ. ಈ ಇಡೀ ಕೆಲಸದಲ್ಲಿ ಬುಶ್ ಹತ್ತಿರ ಗ್ರೀಸಿಗೆ ಜಾಗ ಇರೋದು ಅಲ್ಲಿ ಮಾತ್ರ.

ಎಲ್ಲ ಮುಗಿದ ಮೇಲೆ ಫಿಟ್ಟರ್ ಅಣ್ಣ ಬಿಳಿ ಪೇಂಟಿನಲ್ಲಿ ಶಾಫ್ಟಿನ ತುದಿಯಿಂದ ಬುಶ್ ಫ್ಲೇಂಜ್ ದಾಟಿ ಹಬ್ಬಿನ ತನಕ ಒಂದು ಗೆರೆ ಎಳೀತಾರೆ. ವಾರಕ್ಕೊಮ್ಮೆ, ಬೆಲ್ಟ್ ನಿಂತಿರುವಾಗ, ಟಾರ್ಚ್ ಹಾಕಿ ನೋಡೋದು ಎರಡೇ. ಗೆರೆ ಎಲ್ಲಾದರೂ ಮುರಿದು ಪಕ್ಕಕ್ಕೆ ಸರಿದಿದೆಯಾ, ಫ್ಲೇಂಜಿನ ಸಂದಿಯಲ್ಲಿ ಕೆಂಪು ಪುಡಿ ಕಾಣ್ತಿದೆಯಾ. ಎರಡರಲ್ಲಿ ಒಂದು ಕಂಡರೂ ಅವತ್ತೇ ಬಿಚ್ಚಿಸ್ತಾರೆ.